ತಾಳ ತಪ್ಪುವ ಎದೆಬಡಿತ: ಸಿಆರ್‌ಪಿ, ಬಿಎನ್‌ಪಿ, ಜೀನ್ ರಿಪೋರ್ಟು – ಯಾವುದನ್ನು ಎಷ್ಟು ನಂಬಬೇಕು?

ಗುಬ್ಬಿ ತೆಂಗು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಮಾಡಿಸಿದ ಒಂದು 'ಹಾರ್ಟ್ ರಿಸ್ಕ್ ಪ್ಯಾಕೇಜ್' ರಿಪೋರ್ಟು ಕೈಯಲ್ಲಿದೆ. ಗಂಡಸು, ವಯಸ್ಸು 46, ಬಿಪಿ 142/90, ಶುಗರ್ ಇಲ್ಲ. ತಂದೆಗೆ 67ನೇ ವಯಸ್ಸಿನಲ್ಲಿ ಏಟ್ರಿಯಲ್ ಫಿಬ್ರಿಲೇಶನ್ (ಎಎಫ್) ಅಂತ ಗೊತ್ತಾಗಿದೆ. ರಿಪೋರ್ಟಿನಲ್ಲಿರುವುದು:

ಎಚ್‌ಎಸ್-ಸಿಆರ್‌ಪಿ 4.2 ಮಿ.ಗ್ರಾಂ/ಲೀಟರ್
ಇಂಟರ್‌ಲ್ಯೂಕಿನ್-6: 5.8 ಪಿಕೋಗ್ರಾಂ/ಮಿ.ಲೀ
ಎನ್‌ಟಿ-ಪ್ರೊಬಿಎನ್‌ಪಿ: 68 ಪಿಕೋಗ್ರಾಂ/ಮಿ.ಲೀ
ಜೀನ್: 4ಕ್ಯೂ25, ಆರ್‌ಎಸ್2200733, ಸಿ/ಟಿ. ಇದರ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ 'ಹೆಚ್ಚಿನ ಅಪಾಯ'

ಪ್ಯಾಕೇಜಿನಲ್ಲಿ ಇಸಿಜಿ ಇರಲಿಲ್ಲ. ಈ ಕೆಂಪು ಅಕ್ಷರಕ್ಕೆ ಹೆದರಬೇಕಾ? ಸಿಆರ್‌ಪಿ ಇಳಿಸಿದರೆ ಅಪಾಯ ಇಳಿಯುತ್ತದಾ? ಗೊತ್ತಿರುವವರು ಬಿಡಿಸಿ ಹೇಳಿ.

ನಂದಿ ತಪ್ಪಲು

'ಪ್ಯಾಕೇಜಿನಲ್ಲಿ ಇಸಿಜಿ ಇರಲಿಲ್ಲ' ಅನ್ನುವ ಸಾಲನ್ನು ಎರಡು ಸಲ ಓದಿದೆ. ಮದುವೆ ಮನೆಯಲ್ಲಿ ಎಲ್ಲ ಇದೆ, ಅನ್ನ ಮಾತ್ರ ಇಲ್ಲ ಅಂದ ಹಾಗಾಯಿತು.

ಎಎಫ್ ಅಂದರೆ ಹೃದಯದ ಮೇಲಿನ ಕೋಣೆಗಳು ಕ್ರಮವಾಗಿ ಹಿಂಡುವ ಬದಲು ಪಟಪಟ ನಡುಗುವುದು. ಕೆಳಗಿನ ಕೋಣೆಗಳಿಗೆ ಸಂಕೇತ ಗೊತ್ತುಗುರಿಯಿಲ್ಲದೆ ಬರುತ್ತದೆ, ಆದ್ದರಿಂದ ನಾಡಿಗೆ ತಾಳವೇ ಇರುವುದಿಲ್ಲ. ಮೇಲಿನ ಎಡಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಎಎಫ್ ಇರುವವರಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು ಅಂತ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1991ರಲ್ಲೇ ಹೇಳಿದೆ.

ಇದನ್ನು ಖಚಿತ ಮಾಡುವುದು ಇಸಿಜಿ ಒಂದೇ. ಪೂರ್ತಿ 12 ಲೀಡ್ (ಹೃದಯವನ್ನು 12 ಕೋನದಿಂದ ನೋಡುವ) ಇಸಿಜಿಯಲ್ಲಿ ಕಾಣಬೇಕು, ಇಲ್ಲವೇ ಒಂದು ಲೀಡಿನಲ್ಲಿ ಕನಿಷ್ಠ 30 ಸೆಕೆಂಡು ಸಿಗಬೇಕು. ಯಾವ ರಕ್ತಪರೀಕ್ಷೆಯೂ 'ಎಎಫ್ ಇದೆ' ಅಥವಾ 'ಇಲ್ಲ' ಅಂತ ಹೇಳಲಾರದು. ರಕ್ತದ ಗುರುತುಗಳು ಹೇಳುವುದು ಮುಂದೆ ಬರುವ ಸಾಧ್ಯತೆಯನ್ನು, ಅದೂ ಗುಂಪಿನ ಲೆಕ್ಕದಲ್ಲಿ.

ನಿಮ್ಮ ರಿಪೋರ್ಟಿನಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಆ ನಾಲ್ಕು ಸಾಲಿಗಲ್ಲ, 142/90ಕ್ಕೆ.

ಟಮಕ ಲ್ಯಾಬ್

ಸಿಆರ್‌ಪಿ (ದೇಹದಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಪ್ರೋಟೀನು) ಬಗ್ಗೆ ನಾನು ಹೇಳುತ್ತೇನೆ, ದಿನಾ ಅದೇ ಕೆಲಸ.

ಮೊದಲು ಯಾವ ಸಿಆರ್‌ಪಿ ಅಂತ ನೋಡಿ. ನಿಮ್ಮದು ಎಚ್‌ಎಸ್, ಅಂದರೆ ಸಣ್ಣ ಪ್ರಮಾಣವನ್ನೂ ಅಳೆಯುವ ಬಗೆ. ತಾಲ್ಲೂಕು ಮಟ್ಟದ ಎಷ್ಟೋ ಲ್ಯಾಬುಗಳಲ್ಲಿ ಮಾಡುವುದು ಸ್ಲೈಡಿನ ಮೇಲೆ ಲೇಟೆಕ್ಸ್ ಪರೀಕ್ಷೆ. ಸೀರಂ ಒಂದು ಹನಿ, ಲೇಟೆಕ್ಸ್ ಒಂದು ಹನಿ, 2 ನಿಮಿಷ ಅಲ್ಲಾಡಿಸಿ ಗಂಟುಗಂಟಾಯಿತಾ ನೋಡುವುದು. ಅದು ಗುರುತಿಸುವುದೇ 6 ಮಿ.ಗ್ರಾಂ/ಲೀಟರ್‌ನಿಂದ ಮೇಲೆ. ಹೃದಯದ ಅಪಾಯದ ಲೆಕ್ಕ ನಡೆಯುವುದು ಅದಕ್ಕಿಂತ ಕೆಳಗೆ: 1ಕ್ಕಿಂತ ಕಡಿಮೆ, 1ರಿಂದ 3, 3ಕ್ಕಿಂತ ಹೆಚ್ಚು. ಆದ್ದರಿಂದ ಸ್ಲೈಡಿನ 'ನೆಗೆಟಿವ್' ಹಿಡಿದುಕೊಂಡು ಹೃದಯದ ಬಗ್ಗೆ ಏನೂ ಹೇಳಲಾಗದು. ಇನ್ನೊಂದು ತಮಾಷೆ: ಸಿಆರ್‌ಪಿ ವಿಪರೀತ ಹೆಚ್ಚಿದ್ದಾಗ ಅದೇ ಸ್ಲೈಡು ಗಂಟಾಗದೆ 'ನೆಗೆಟಿವ್' ತೋರಿಸುವುದುಂಟು. ಪ್ರೋಟೀನು ಅತಿಯಾಗಿ ಪ್ರತಿ ಲೇಟೆಕ್ಸ್ ಕಣವನ್ನೂ ಬೇರೆ ಬೇರೆಯಾಗಿ ಮುಚ್ಚಿಬಿಡುತ್ತದೆ, ಕಣಕ್ಕೂ ಕಣಕ್ಕೂ ಸೇತುವೆ ಬೀಳುವುದಿಲ್ಲ. ರೋಗಿ ನಂಜೇರಿ ಮಲಗಿದ್ದರೆ ಸೀರಂ ತೆಳು ಮಾಡಿ ಮತ್ತೆ ನೋಡಬೇಕು.

ಎರಡನೆಯದು ಅಳತೆಯ ಘಟಕ. ಒಂದು ಲ್ಯಾಬ್ ಮಿ.ಗ್ರಾಂ/ಲೀಟರ್ ಬರೆಯುತ್ತದೆ, ಇನ್ನೊಂದು ಮಿ.ಗ್ರಾಂ/ಡೆಸಿಲೀಟರ್. ನಿಮ್ಮ 4.2 ಅಲ್ಲಿ 0.42 ಆಗುತ್ತದೆ. 'ಹೋದ ಸಲ 0.5 ಇತ್ತು, ಈ ಸಲ 5 ಆಗಿದೆ' ಅಂತ ಗಾಬರಿಯಾಗಿ ಬರುವವರಲ್ಲಿ ಏರಿರುವುದು ಸಿಆರ್‌ಪಿಯಲ್ಲ, ಘಟಕ ಬದಲಾಗಿರುವುದು.

ಮೂರನೆಯದು ಸಮಯ. ರಕ್ತ ಕೊಟ್ಟ ದಿನದ ಹಿಂದುಮುಂದು ನೆಗಡಿ, ಜ್ವರ, ಹಲ್ಲುನೋವು, ಗಾಯ, ಲಸಿಕೆ ಏನಾದರೂ ಇತ್ತಾ?

ಗುಬ್ಬಿ ತೆಂಗು

ಹಲ್ಲು ಕೀಳಿಸಿ 6 ದಿನ ಆಗಿತ್ತು ಸಾರ್. ಅದಕ್ಕೂ ಇದಕ್ಕೂ ಏನು ಸಂಬಂಧ?

ಟಮಕ ಲ್ಯಾಬ್

ಸಂಬಂಧವೇ ಅದು. ಸಿಆರ್‌ಪಿಯನ್ನು ತಯಾರಿಸುವುದು ಯಕೃತ್ತು. ದೇಹದಲ್ಲಿ ಎಲ್ಲೇ ಕೀವು, ಗಾಯ, ಸೋಂಕು ಇರಲಿ, ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂದೇಶವಾಹಕ ಯಕೃತ್ತಿಗೆ ಸುದ್ದಿ ಮುಟ್ಟಿಸುತ್ತದೆ, ಸಿಆರ್‌ಪಿ ಏರುತ್ತದೆ. ಮೂಲ ನಿಂತ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಕಿತ್ತ ಹಲ್ಲಿನ ಜಾಗ ಮಾಯುವವರೆಗೆ ಮೂಲ ನಿಂತಿರುವುದಿಲ್ಲವಲ್ಲ.

ಪೂರ್ತಿ ವಾಸಿಯಾದ ಮೇಲೆ 2ರಿಂದ 3 ವಾರ ಬಿಟ್ಟು ಮತ್ತೆ ಮಾಡಿಸಿ. ಖಾಲಿ ಹೊಟ್ಟೆ ಬೇಕಿಲ್ಲ. ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ. ಎರಡು ಸಲದ ಸರಾಸರಿ ತೆಗೆದುಕೊಳ್ಳಿ. 10 ದಾಟಿದ್ದರೆ ಅದನ್ನು ಹೃದಯದ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ, ಸೋಂಕು ಎಲ್ಲಿದೆ ಅಂತ ಹುಡುಕುತ್ತೇವೆ. ಮಳೆಗಾಲದ ಜ್ವರ ಬಿಟ್ಟ ಮಾರನೇ ವಾರವೇ ಈ ಪ್ಯಾಕೇಜಿಗೆ ಬರುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಇಂಟರ್‌ಲ್ಯೂಕಿನ್-6 ಇನ್ನೂ ಚಂಚಲ. ದಿನದಲ್ಲೇ ಏರಿಳಿಯುತ್ತದೆ. ರಕ್ತ ತೆಗೆದು ಹಾಗೇ ಇಟ್ಟರೆ ಟ್ಯೂಬಿನೊಳಗಿನ ಜೀವಕೋಶಗಳೇ ಅದನ್ನು ಬಿಡುಗಡೆ ಮಾಡಬಹುದು. ಬೇಗ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವ ಬೇರ್ಪಡಿಸಿ, ಕೂಡಲೇ ಪರೀಕ್ಷೆ ಆಗದಿದ್ದರೆ ಹೆಪ್ಪುಗಟ್ಟಿಸಿಡಬೇಕು. ಒಂದು ಸಲ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಗುಬ್ಬಿಯಲ್ಲಿ ಬೆಳಿಗ್ಗೆ ತೆಗೆದ ರಕ್ತ ಬಸ್ಸಿನಲ್ಲಿ ತುಮಕೂರಿಗೆ, ಅಲ್ಲಿಂದ ಸಂಜೆ ಬೆಂಗಳೂರಿಗೆ ಹೋಗಿದ್ದರೆ ಆ 5.8ಕ್ಕೆ ನಾನು ಬೆಲೆ ಕೊಡುವುದಿಲ್ಲ.

ನಂದಿ ತಪ್ಪಲು

'ಸಿಆರ್‌ಪಿ ಇಳಿಸಿದರೆ ಅಪಾಯ ಇಳಿಯುತ್ತದಾ' ಅನ್ನುವ ಪ್ರಶ್ನೆಗೆ ಬರುತ್ತೇನೆ. ಈ ವಿಷಯದಲ್ಲಿ ನಿಜಕ್ಕೂ ಸ್ವಾರಸ್ಯ ಇರುವುದು ಇಲ್ಲೇ.

ಎಎಫ್ ಇರುವವರಲ್ಲಿ ಸಿಆರ್‌ಪಿ ಹೆಚ್ಚು ಅಂತ 2001ರಲ್ಲಿ ಗೊತ್ತಾಯಿತು. 2003ರಲ್ಲಿ, ಈಗ ಆರೋಗ್ಯವಾಗಿರುವವರಲ್ಲೂ ಸಿಆರ್‌ಪಿ ಹೆಚ್ಚಿದ್ದರೆ ಮುಂದೆ ಎಎಫ್ ಹೆಚ್ಚು ಬರುತ್ತದೆ ಅಂತ ಕಂಡಿತು. ಅಲ್ಲಿಗೆ ಎಲ್ಲರೂ ಸಿಆರ್‌ಪಿಯೇ ಅಪರಾಧಿ ಅಂದುಕೊಂಡರು. ಆದರೆ ಬೊಜ್ಜು, ಬೀಡಿ, ಬಿಪಿ, ವಸಡಿನ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇವೆಲ್ಲ ಸಿಆರ್‌ಪಿ ಜೊತೆಗೇ ಇರುತ್ತವೆ. ಇವುಗಳಲ್ಲಿ ಕೆಲವು ನೇರವಾಗಿ ಎಎಫ್ ಕಡೆಗೂ ತಳ್ಳುತ್ತವೆ. ಎಎಫ್ ತಾನೇ ಸಿಆರ್‌ಪಿ ಏರಿಸುತ್ತದೆ ಕೂಡ. ಯಾವುದು ಮುಂದು, ಯಾವುದು ಹಿಂದು?

ಇದನ್ನು ಬಿಡಿಸಲು ಜೀನ್‌ಗಳನ್ನೇ ಬಳಸಿದರು. ಕೆಲವರು ಹುಟ್ಟಿನಿಂದಲೇ ಸ್ವಲ್ಪ ಹೆಚ್ಚು ಸಿಆರ್‌ಪಿ ತಯಾರಿಸುವ ಜೀನ್ ರೂಪ ಪಡೆದಿರುತ್ತಾರೆ. ಯಾರಿಗೆ ಅದು ಬಂತು ಅನ್ನುವುದು ಚೀಟಿ ಎತ್ತಿದ ಹಾಗೆ. ಅದಕ್ಕೂ ಬೀಡಿಗೂ ಬೊಜ್ಜಿಗೂ ನಂಟಿಲ್ಲ. ಸಿಆರ್‌ಪಿಯೇ ಕಾರಣವಾಗಿದ್ದರೆ ಇಂಥವರಲ್ಲಿ ಎಎಫ್ ಹೆಚ್ಚು ಇರಬೇಕಿತ್ತು. 2010ರಲ್ಲಿ ಕೋಪನ್‌ಹೇಗನ್‌ನಲ್ಲಿ 40 ಸಾವಿರಕ್ಕೂ ಹೆಚ್ಚು ಜನರಲ್ಲಿ ನೋಡಿದಾಗ ಹಾಗಿರಲಿಲ್ಲ. ರಕ್ತದಲ್ಲಿ ಅಳೆದ ಸಿಆರ್‌ಪಿಗೂ ಎಎಫ್‌ಗೂ ನಂಟು ಕಂಡಿತು, ಜೀನಿನಿಂದ ಬಂದ ಸಿಆರ್‌ಪಿಗೂ ಎಎಫ್‌ಗೂ ಕಾಣಲಿಲ್ಲ. ಅಂದರೆ ಸಿಆರ್‌ಪಿ ಸುದ್ದಿ ತರುವ ಆಳು, ಜಗಳ ಹಚ್ಚಿದವನಲ್ಲ.

ಮೇಲೆ ಕುಳಿತಿರುವ ಇಂಟರ್‌ಲ್ಯೂಕಿನ್-6 ಕಥೆ ಬೇರೆ. ಅದರ ಸಂಕೇತ ಹಿಡಿಯುವ ಗ್ರಾಹಕದ (ರಿಸೆಪ್ಟರ್) ಜೀನಿನಲ್ಲಿ ಒಂದು ರೂಪ ಇದೆ, ಆ ಸಂಕೇತವನ್ನು ತುಸು ಮಂದ ಮಾಡುತ್ತದೆ. ಅದಿರುವವರಲ್ಲಿ ಸಿಆರ್‌ಪಿಯೂ ಕಡಿಮೆ, ಹೃದಯಾಘಾತವೂ ಕಡಿಮೆ. ಎಎಫ್‌ನಲ್ಲೂ ದಿಕ್ಕು ಅದೇ. ಉರಿಯೂತ ಹೃದಯದ ಮೇಲಿನ ಕೋಣೆಯಲ್ಲಿ ಮಾಡುವ ಹಾನಿ ಮೂರು ಬಗೆ. ಜೀವಕೋಶದಿಂದ ಜೀವಕೋಶಕ್ಕೆ ವಿದ್ಯುತ್ ದಾಟಿಸುವ ಕನೆಕ್ಸಿನ್ ಎಂಬ ಬಾಗಿಲುಗಳು ಜಾಗ ತಪ್ಪುತ್ತವೆ. ಕ್ಯಾಲ್ಸಿಯಂ ಸೋರಿ ಬೇಡದ ಬಡಿತಗಳು ಹುಟ್ಟುತ್ತವೆ. ನಿಧಾನಕ್ಕೆ ಮಾಂಸದ ನಡುವೆ ನಾರು ಬೆಳೆಯುತ್ತದೆ, ವಿದ್ಯುತ್ ಅದನ್ನು ಸುತ್ತಿ ಬಳಸಿ ಹೋಗುವಾಗ ಸುಳಿಗೆ ಬೀಳುತ್ತದೆ. ಎದೆ ತೆರೆದು ಮಾಡುವ ಹೃದಯದ ಆಪರೇಷನ್ ಆದ ಮೇಲೆ ಎಎಫ್ ಹೆಚ್ಚಾಗಿ ಬರುವುದು 2–3ನೇ ದಿನ. ಸಿಆರ್‌ಪಿ ತುದಿ ಮುಟ್ಟುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಚೇಳೂರು ರಸ್ತೆ

ಹಾಗಾದರೆ ಉರಿಯೂತ ಇಳಿಸುವ ಕೊಲ್ಚಿಸಿನ್ ತಗೊಂಡ್ರೆ ಆಯ್ತಲ್ಲ? ಗೌಟಿಗೆ ಕೊಡ್ತಾರೆ, ರೇಟೂ ಕಮ್ಮಿ.

ನಂದಿ ತಪ್ಪಲು

ಬೇಡ ಅಣ್ಣ. ಆಪರೇಷನ್ ಆದವರಲ್ಲೇ ಅದರ ಫಲ ಏಕರೂಪವಾಗಿ ಬಂದಿಲ್ಲ. 2023ರಲ್ಲಿ ಪ್ರಕಟವಾದ ಕಾಪ್-ಎಎಫ್ ಪ್ರಯೋಗದಲ್ಲಿ, ಹೃದಯದ್ದಲ್ಲದ ಎದೆಯ ಆಪರೇಷನ್‌ಗೆ ಒಳಗಾದವರಿಗೆ ಕೊಲ್ಚಿಸಿನ್ ಕೊಟ್ಟರೂ ಎಎಫ್ ಗಣನೀಯವಾಗಿ ಇಳಿಯಲಿಲ್ಲ, ಭೇದಿ ಮಾತ್ರ ಹೆಚ್ಚಾಯಿತು. ಕಿಡ್ನಿ ಮಂದ ಇರುವವರಲ್ಲಿ, ಕ್ಲಾರಿತ್ರೊಮೈಸಿನ್ ಜೊತೆ ತೆಗೆದುಕೊಂಡವರಲ್ಲಿ ಅದು ವಿಷವಾಗುತ್ತದೆ. ಎಎಫ್ ಬಾರದಿರಲಿ ಅಂತ ಆರೋಗ್ಯವಂತರು ನುಂಗುವ ಮಾತ್ರೆ ಅಲ್ಲ ಅದು.

ಮಧುಗಿರಿ ಬೆಟ್ಟ

ಜೀನ್ ಸಾಲಿನ ಬಗ್ಗೆ ಬರೆಯುತ್ತೇನೆ. ಅಣುಜೀವಶಾಸ್ತ್ರ ಪಾಠ ಮಾಡುವುದು ನನ್ನ ಕಸುಬು, ತುಸು ಉದ್ದವಾಗುತ್ತದೆ, ಸಹಿಸಿಕೊಳ್ಳಿ.

4ಕ್ಯೂ25 ಅಂದರೆ 4ನೇ ವರ್ಣತಂತುವಿನ ಉದ್ದ ತೋಳಿನಲ್ಲಿರುವ ಒಂದು ಜಾಗದ ವಿಳಾಸ. 2007ರಲ್ಲಿ ಐಸ್‌ಲೆಂಡಿನ ಡಿಕೋಡ್ ಸಂಸ್ಥೆಯವರು ಎಎಫ್‌ಗೆ ಅಂಟಿಕೊಂಡ ಮೊದಲ ಸಾಮಾನ್ಯ ಜೀನ್ ಗುರುತನ್ನು ಕಂಡುಹಿಡಿದದ್ದು ಇಲ್ಲೇ. ಆರ್‌ಎಸ್2200733 ಅನ್ನುವುದು ಆ ಜಾಗದ ಒಂದೇ ಒಂದು ಅಕ್ಷರ. ಅಲ್ಲಿ ಸಿ ಇರಬಹುದು, ಟಿ ಇರಬಹುದು. ಟಿ ಅಪಾಯದ ಅಕ್ಷರ. ನಿಮ್ಮದು ಸಿ/ಟಿ, ಅಂದರೆ ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಟಿ ಬಂದಿದೆ.

ಈ ಅಕ್ಷರ ಯಾವ ಪ್ರೋಟೀನನ್ನೂ ಬದಲಿಸುವುದಿಲ್ಲ. ಅತಿ ಹತ್ತಿರದ ಜೀನ್ ಪಿಟ್‌ಎಕ್ಸ್2, ಅದೂ ಸುಮಾರು ಒಂದೂವರೆ ಲಕ್ಷ ಅಕ್ಷರ ಆಚೆ. ಭ್ರೂಣದಲ್ಲಿ ಎಡ ಯಾವುದು, ಬಲ ಯಾವುದು ಅಂತ ತೀರ್ಮಾನಿಸುವ ಜೀನ್ ಇದು. ಬಡಿತ ಹುಟ್ಟಿಸುವ ಸೈನಸ್ ಗಂಟು ಬಲಕೋಣೆಯಲ್ಲಿ ಮಾತ್ರ ಇರಬೇಕು. ಎಡಗಡೆಯೂ ಅಂಥದ್ದೇ ಇನ್ನೊಂದು ಬೆಳೆಯದಂತೆ ತಡೆಯುವುದು ಪಿಟ್‌ಎಕ್ಸ್2 ಕೆಲಸ. ಶ್ವಾಸಕೋಶದಿಂದ ಎಡಕೋಣೆಗೆ ಬರುವ ರಕ್ತನಾಳಗಳ ಬಾಯಲ್ಲಿ ತೋಳಿನಂತೆ ಸುತ್ತಿಕೊಂಡಿರುವ ಹೃದಯದ ಮಾಂಸ ರೂಪುಗೊಳ್ಳುವುದಕ್ಕೂ ಇದು ಬೇಕು. 1998ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಎಎಫ್ ಹೊತ್ತಿಸುವ ಕಿಡಿಗಳು ಹೆಚ್ಚಾಗಿ ಅದೇ ನಾಳಗಳ ಬಾಯಿಂದ ಬರುತ್ತವೆ ಅಂತ ತೋರಿಸಿದ್ದರು. ಜೀನ್ ಹುಡುಕಿದವರೂ ಹೃದಯದೊಳಗೆ ತಂತಿ ಹಾಕಿ ನೋಡಿದವರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಮನೆ ಬಾಗಿಲಿಗೆ ನಿಂತರು.

ಈಗ ಅಪಾಯ ಎಷ್ಟು? ಆ ಮೊದಲ ಅಧ್ಯಯನದಲ್ಲಿ ಐರೋಪ್ಯ ಮೂಲದವರಲ್ಲಿ ಒಂದೊಂದು ಟಿಗೆ ಸುಮಾರು 1.7 ಪಟ್ಟು. ಹಾಂಗ್‌ಕಾಂಗಿನ ಚೀನೀಯರಲ್ಲಿ ಸುಮಾರು 1.4. 1.7 ಪಟ್ಟು ಅಂದರೆ 100ರಲ್ಲಿ 70 ಜನಕ್ಕೆ ಬರುತ್ತದೆ ಅಂತಲ್ಲ. ಲೆಕ್ಕಕ್ಕೆ ಅಂತ ಹೇಳುವುದಾದರೆ, ಒಬ್ಬರ ಹತ್ತು ವರ್ಷದ ಅಪಾಯ 100ಕ್ಕೆ 1 ಇದ್ದರೆ ಅದು 1.7ರ ಆಸುಪಾಸು ಆಗುತ್ತದೆ. ಉಳಿದ 98 ಜನ ಆರಾಮಾಗೇ ಇರುತ್ತಾರೆ. ಕೆಂಪು ಶಾಯಿ ಇದನ್ನು ಹೇಳುವುದಿಲ್ಲ.

ಇನ್ನೊಂದು: ಐಸ್‌ಲೆಂಡಿನವರಲ್ಲಿ ಆ ಜಾಗದಲ್ಲಿ ಟಿ ಇರುವುದು 100ಕ್ಕೆ 11ರಷ್ಟು, ಚೀನೀಯರಲ್ಲಿ 100ಕ್ಕೆ 50ರ ಆಸುಪಾಸು. ಹಾಗಂತ ಚೀನಾದಲ್ಲಿ ಎಎಫ್ ಐದು ಪಟ್ಟು ಇಲ್ಲ, ಐರೋಪ್ಯರಿಗಿಂತ ಕಡಿಮೆಯೇ ಇದೆ. ಒಂದು ಅಕ್ಷರ ಹಿಡಿದು ಊರಿನ ಭವಿಷ್ಯ ಹೇಳಲಾಗದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

2009ರಲ್ಲಿ 16ನೇ ವರ್ಣತಂತುವಿನ ಜಡ್‌ಎಫ್‌ಎಚ್‌ಎಕ್ಸ್3, 2010ರಲ್ಲಿ ಕೆಸಿಎನ್‌ಎನ್3, ಹೀಗೆ ಸಾಲು ಬೆಳೆದು 2018ರ ಹೊತ್ತಿಗೆ ಜಾಗಗಳ ಸಂಖ್ಯೆ 100 ದಾಟಿತು. ಎಲ್ಲ ಸೇರಿಸಿ ಒಂದು ಅಂಕ ಮಾಡುವ 'ಪಾಲಿಜೆನಿಕ್ ಸ್ಕೋರ್' ಈಗ ಮಾರುಕಟ್ಟೆಗೂ ಬಂದಿದೆ. ಆ ಅಂಕ ಕಟ್ಟಿರುವುದು ಬಹುಪಾಲು ಐರೋಪ್ಯರ ಡಿಎನ್‌ಎ ಮೇಲೆ. ನಮ್ಮವರಿಗೆ ಹಾಕಿದರೆ ಮೈಸೂರಿನ ಅಳತೆಗೆ ಹೊಲಿದ ಅಂಗಿಯನ್ನು ಪಾವಗಡದವರಿಗೆ ತೊಡಿಸಿದ ಹಾಗೆ, ತೋಳು ಎಲ್ಲೋ ಕಾಲರ್ ಎಲ್ಲೋ. ದಕ್ಷಿಣ ಏಷ್ಯಾದವರಿಗೆ ಬಿಪಿ, ಶುಗರ್ ಹೆಚ್ಚಿದ್ದರೂ ಎಎಫ್ ಐರೋಪ್ಯರಿಗಿಂತ ಕಡಿಮೆ ಅನ್ನುವುದು ಬೇರೆ ಇದೆ.

ಶಿಡ್ಲಘಟ್ಟ ಗೂಡು

ಮೇಷ್ಟ್ರೇ, ನಮ್ ಕಡೆ ಸೋದರಮಾವನ್ನ, ಅತ್ತೆ ಮಗನ್ನ ಮದುವೆ ಆಗೋದು ಮಾಮೂಲು. ಎರಡು ಕಡೆಯಿಂದಾನೂ ಅದೇ ಟಿ ಬಂದ್ರೆ ಡಬಲ್ ಆಗಲ್ವಾ?

ಮಧುಗಿರಿ ಬೆಟ್ಟ

ಒಳ್ಳೇ ಪ್ರಶ್ನೆ ಕಣಪ್ಪ. ಎರಡೂ ಟಿ ಆಗುವ ಸಂಭವ ಸ್ವಲ್ಪ ಹೆಚ್ಚುತ್ತದೆ, ನಿಜ. ಆದರೆ ಇದು ನೂರು ಸಣ್ಣ ಅಕ್ಷರಗಳಲ್ಲಿ ಒಂದು. ಸಂಬಂಧದೊಳಗಿನ ಮದುವೆಯಲ್ಲಿ ನಾನು ಹೆದರುವುದು ಬೇರೆ ಬಡಿತದ ಕಾಯಿಲೆಗೆ.

ಕೆಸಿಎನ್‌ಕ್ಯೂ1 ಅಂತ ಒಂದು ಜೀನ್, ಪೊಟ್ಯಾಸಿಯಂ ಹೊರಗೆ ಹರಿಯುವ ದಾರಿ ಕಟ್ಟುತ್ತದೆ. ಅದು ಹೃದಯಕ್ಕೂ ಬೇಕು, ಒಳಕಿವಿಗೂ ಬೇಕು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಗು ಹುಟ್ಟುಕಿವುಡು, ಜೊತೆಗೆ ಇಸಿಜಿಯಲ್ಲಿ ಕ್ಯೂಟಿ ಅಂತರ (ಒಂದು ಬಡಿತದ ವಿದ್ಯುತ್ ಹರಿದು ಮತ್ತೆ ಸಜ್ಜಾಗಲು ಹಿಡಿಯುವ ಸಮಯ) ತುಂಬ ಉದ್ದ. ಓಡಿದಾಗ, ಬೆಚ್ಚಿದಾಗ, ಬಾವಿಗೆ ಧುಮುಕಿದಾಗ ಪ್ರಜ್ಞೆ ತಪ್ಪಿ ಬೀಳುತ್ತದೆ. ಮನೆಯವರು ಮೂರ್ಛೆರೋಗ ಅಂದುಕೊಂಡು ವರ್ಷಗಟ್ಟಲೆ ಫಿಟ್ಸ್ ಮಾತ್ರೆ ಕೊಡುತ್ತಾರೆ. ಇದಕ್ಕೆ ಜರ್ವೆಲ್–ಲಾಂಗ್ ನೀಲ್ಸನ್ ಅಂತ ಹೆಸರು. ಹುಟ್ಟುಕಿವುಡಿನ ಮಗು ಒಮ್ಮೆ ಎಚ್ಚರ ತಪ್ಪಿದ್ದರೆ ಸಾಕು, ಇಸಿಜಿ ತೆಗೆಸಿ ಕ್ಯೂಟಿ ಅಳೆಸಿ. ಹಣದ ಖರ್ಚೂ ಹೆಚ್ಚಿಲ್ಲ, ಜೀನ್ ಪರೀಕ್ಷೆಯೂ ಮೊದಲು ಬೇಕಿಲ್ಲ.

ಇದೇ ಕೆಸಿಎನ್‌ಕ್ಯೂ1 ದಾರಿ ಕಟ್ಟದೆ ಹೋಗುವ ಬದಲು ಅತಿಯಾಗಿ ತೆರೆದುಕೊಂಡರೆ ಬರುವುದು ಎಎಫ್. 2003ರಲ್ಲಿ ಚೀನಾದ ಒಂದು ಕುಟುಂಬದಲ್ಲಿ ಅದು ಸಿಕ್ಕಿತು, ವಂಶದಲ್ಲಿ ಹರಿಯುವ ಎಎಫ್‌ಗೆ ಕಾರಣವಾದ ಜೀನನ್ನು ಗುರುತಿಸಿದ್ದು ಅದೇ ಮೊದಲು.

ಇಂಥ ಅಪರೂಪದ, ಆದರೆ ಬಲವಾದ ತಪ್ಪುಗಳನ್ನು ಹುಡುಕುವುದು ಬೇರೆಯೇ ಪರೀಕ್ಷೆ, ಜೀನನ್ನು ಪೂರ್ತಿ ಓದುವ ಪ್ಯಾನೆಲ್. ಗುಬ್ಬಿಯವರ ರಿಪೋರ್ಟು ಅದಲ್ಲ, ಅದು ಬಿಡಿ ಅಕ್ಷರ ನೋಡುವ ಚಿಪ್. ಅಮೆರಿಕದ ಹೃದ್ರೋಗ ಸಂಘಗಳ 2023ರ ಮಾರ್ಗಸೂಚಿ ಪ್ರಕಾರ ಪ್ಯಾನೆಲ್ ಯೋಚಿಸಬಹುದಾದದ್ದು 45ರೊಳಗೆ, ಬಿಪಿಯಂಥ ಕಾರಣ ಯಾವುದೂ ಇಲ್ಲದೆ ಎಎಫ್ ಬಂದವರಿಗೆ. ಅವರಲ್ಲಿ ಕೆಲವರಿಗೆ ಹೃದಯದ ಮಾಂಸಕ್ಕೆ ಬೇಕಾದ ಟೈಟಿನ್ ಜೀನ್ ತುಂಡಾಗಿರುತ್ತದೆ, ಎಎಫ್ ಮೊದಲು ಕಾಣಿಸಿಕೊಂಡು ಆಮೇಲೆ ಹೃದಯದ ಮಾಂಸವೇ ದುರ್ಬಲವಾಗುತ್ತದೆ. ತಂದೆಗೆ 67ಕ್ಕೆ ಬಂದಿದ್ದು ಆ ಗುಂಪಿಗೆ ಸೇರುವುದಿಲ್ಲ. ಪ್ಯಾನೆಲಿನಲ್ಲಿ 'ಅರ್ಥ ಖಚಿತವಿಲ್ಲದ ರೂಪ' ಅಂತ ಬಂದರೆ ಅದನ್ನು ಪಾಸಿಟಿವ್ ಅಂತ ಓದಬೇಡಿ. ಅದರ ಮೇಲೆ ಯಾವ ಚಿಕಿತ್ಸೆಯನ್ನೂ ನಿರ್ಧರಿಸುವುದಿಲ್ಲ.

ಪಾವಗಡ ಸಿಸ್ಟರ್

ಇಷ್ಟೆಲ್ಲ ಜೀನ್ ಮಾತಾಡಿದ್ರಿ, ನಾಡಿ ಯಾರೂ ಹಿಡೀಲಿಲ್ಲ!

ಹೆಬ್ಬೆರಳ ಬುಡದ ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸೋ ಅಭ್ಯಾಸ ಇಲ್ಲಿ ಬ್ಯಾಡ. ಪೂರ್ತಿ 60 ಸೆಕೆಂಡ್ ಹಿಡೀಬೇಕು. ನಡುನಡುವೆ ಒಂದು ಬಡಿತ ಬಿಟ್ಟು ಮತ್ತೆ ತಾಳಕ್ಕೆ ಬಂದರೆ ಅದು ಬಹುಶಃ ಒಂಟಿ ಎಕ್ಟೋಪಿಕ್ (ತಾಳಕ್ಕಿಂತ ಮೊದಲೇ ಬೀಳೋ ಬಿಡಿ ಬಡಿತ). ಮುಂದಿನ ಬಡಿತ ಯಾವಾಗ ಅಂತ ಊಹಿಸೋಕೇ ಆಗದಿದ್ದರೆ ಎಎಫ್ ಅನುಮಾನ. ಜೊತೆಗೆ ಇನ್ನೊಬ್ಬರು ಸ್ಟೆತೊಸ್ಕೋಪಿನಲ್ಲಿ ಎದೆ ಮೇಲೆ ಎಣಿಸಲಿ. ಎದೆಯಲ್ಲಿ 110, ಮಣಿಕಟ್ಟಿನಲ್ಲಿ 92 ಬಂದರೆ ಆ ವ್ಯತ್ಯಾಸವೇ ಒಂದು ಸುಳಿವು. ಕೆಲವು ಬಡಿತಗಳಲ್ಲಿ ಹೃದಯ ತುಂಬೋಕೆ ಸಮಯ ಸಿಗದೆ ನಾಡಿವರೆಗೆ ಅಲೆ ಮುಟ್ಟಲ್ಲ. ಮನೆಯ ಬಿಪಿ ಮಿಷಿನ್ನೂ ಎಎಫ್‌ನಲ್ಲಿ ಒಂದೊಂದು ಸಲ ಒಂದೊಂದು ಹೇಳುತ್ತೆ, ಮೂರು ಸಲ ತೆಗೆದು ಸರಾಸರಿ ಬರೀರಿ.

ಇಸಿಜಿ ತೆಗೆಯೋರಿಗೆ: ವೇಗ 25 ಮಿ.ಮೀ, ಎತ್ತರ 10 ಮಿ.ಮೀ ಇದೆಯಾ ನೋಡಿ. ಕೊನೆಗೆ ಎರಡನೇ ಲೀಡಿನ ಉದ್ದ ಪಟ್ಟಿ ತೆಗೀಲೇಬೇಕು. ಮೂರು ಬಡಿತದ ತುಂಡು ಕಾಗದದಲ್ಲಿ ತಾಳ ಗೊತ್ತಾಗಲ್ಲ. ಕೈ ಬೆಚ್ಚಗಿರಲಿ, ಚಳಿಗೆ ನಡುಗಿದ್ದು, ಕೈ ಅದುರೋ ಕಾಯಿಲೆ ಎರಡೂ ಥೇಟ್ ಎಎಫ್ ಥರಾನೇ ಗೀಚುತ್ತೆ. ಎಲೆಕ್ಟ್ರೋಡ್ ಜಾಗದ ಬೆವರು, ಎಣ್ಣೆ ಒರೆಸಿ ಜೆಲ್ಲಿ ಹಾಕಿ. ಮೊದಲನೇ ಲೀಡಿನಲ್ಲಿ ಎಲ್ಲಾ ತಲೆಕೆಳಗಾಗಿದ್ರೆ ಎಡ ಬಲ ಕೈ ವೈರ್ ಅದಲುಬದಲಾಗಿದೆ.

ಓದುವಾಗ ಬಿಳಿ ಕಾಗದದ ಅಂಚಿನಲ್ಲಿ ಮೂರು ನಾಲ್ಕು ಚೂಪು ತುದಿಗೆ ಪೆನ್ಸಿಲ್ ಗುರುತು ಹಾಕಿ, ಕಾಗದ ಪಕ್ಕಕ್ಕೆ ಸರಿಸಿ. ಗುರುತು ಎಲ್ಲೂ ಕೂಡಲ್ಲ, ಚೂಪಿನ ಹಿಂದೆ ಇರಬೇಕಾದ ಸಣ್ಣ ಪಿ ಅಲೆಯೂ ಇಲ್ಲ ಅಂದ್ರೆ ಡಾಕ್ಟ್ರಿಗೆ ತಕ್ಷಣ ತೋರಿಸಿ. ವೇಗ ಬೇಕಾದರೆ 10 ಸೆಕೆಂಡಿನ ಪಟ್ಟಿಯ ಚೂಪುಗಳನ್ನ ಎಣಿಸಿ 6ರಿಂದ ಗುಣಿಸಿ. ಚೌಕ ಎಣಿಸಿ 300 ಭಾಗಿಸೋ ಲೆಕ್ಕ ಎಎಫ್‌ನಲ್ಲಿ ಕೈಕೊಡುತ್ತೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಇದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಹೃದಯಾಘಾತಕ್ಕೆ ಅಂತ ಬಂದಿದ್ದು, ಆದ್ರೂ ಎದೆ ನೋವಿಗೆ ತೆಗೆದ ಪಟ್ಟಿಯಲ್ಲಿ ತಾಳ ತಪ್ಪಿದ್ದೂ ಕಾಣುತ್ತಲ್ಲ.

ಗುಬ್ಬಿ ತೆಂಗು

ತುಂಬಾ ಉಪಕಾರ ಸಿಸ್ಟರ್. ಇಸಿಜಿ ನಾರ್ಮಲ್ ಬಂದರೆ ಮುಗೀತಾ?

ಪಾವಗಡ ಸಿಸ್ಟರ್

ಇಲ್ಲ. ಬಂದು ಹೋಗೋ ಎಎಫ್ ಇದ್ರೆ ಆ 10 ಸೆಕೆಂಡಿನಲ್ಲಿ ಸಿಗಬೇಕಲ್ಲ. ಡವಡವ ಅನ್ನೋದು, ಕಾರಣ ಇಲ್ಲದ ಸುಸ್ತು ಇದ್ರೆ 24 ಗಂಟೆ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡೋ ಇಸಿಜಿ), ಅದ್ರಲ್ಲೂ ಸಿಗದಿದ್ರೆ 7ರಿಂದ 14 ದಿನದ ಪ್ಯಾಚ್.

ನಂದಿ ತಪ್ಪಲು

ಎನ್‌ಟಿ-ಪ್ರೊಬಿಎನ್‌ಪಿ ಬಾಕಿ ಉಳಿಯಿತು. ನಾಲ್ಕು ಸಾಲಿನಲ್ಲಿ ನಾನು ಬೆಲೆ ಕೊಡುವುದು ಇದಕ್ಕೇ. ಹೃದಯದ ಗೋಡೆ ಹಿಗ್ಗಿದಾಗ ಬಿಡುಗಡೆಯಾಗುವ ವಸ್ತು ಇದು. ವಯಸ್ಸು, ಎತ್ತರ, ತೂಕ, ಬಿಪಿ, ಬಿಪಿ ಮಾತ್ರೆ, ಬೀಡಿ ಸಿಗರೇಟು, ಶುಗರ್, ಹಿಂದಿನ ಹೃದಯಾಘಾತ, ಹೃದಯ ವೈಫಲ್ಯ ಇವನ್ನೆಲ್ಲ ಸೇರಿಸಿ 5 ವರ್ಷದ ಎಎಫ್ ಅಪಾಯ ಹೇಳುವ ಚಾರ್ಜ್-ಎಎಫ್ ಎಂಬ ಲೆಕ್ಕ 2013ರಲ್ಲಿ ಬಂತು. (ಎತ್ತರ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು, ಕುಳ್ಳರಿಗೆ ಒಂದಾದರೂ ಲಾಭ.) ಅದರ ಮೇಲೆ ಬಿಎನ್‌ಪಿ ಸೇರಿಸಿದರೆ ಊಹೆ ಸ್ಪಷ್ಟವಾಗಿ ಸುಧಾರಿಸಿತು. ಸಿಆರ್‌ಪಿ ಸೇರಿಸಿದರೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಸ್ವೀಡನ್‌ನಲ್ಲಿ ಹಿರಿಯರನ್ನು ತಪಾಸಣೆ ಮಾಡುವಾಗ 125 ದಾಟಿದವರನ್ನು ಮಾತ್ರ ಪದೇ ಪದೇ ಇಸಿಜಿ ತೆಗೆಯಲು ಆರಿಸಿದರು.

ನಿಮ್ಮ 68 ಸಮಾಧಾನದ ಸಂಖ್ಯೆ. ಬೊಜ್ಜು ಇರುವವರಲ್ಲಿ ಇದು ಸುಳ್ಳಾಗಿ ಕಡಿಮೆ, ಕಿಡ್ನಿ ಮಂದವಿದ್ದರೆ, ವಯಸ್ಸಾದರೆ ಸುಳ್ಳಾಗಿ ಹೆಚ್ಚು ಬರುತ್ತದೆ ಅನ್ನುವುದನ್ನು ಮಾತ್ರ ನೆನಪಿಡಿ.

ಟಮಕ ಲ್ಯಾಬ್

ಒಂದು ಸಣ್ಣ ಸೇರ್ಪಡೆ. ಬಿಎನ್‌ಪಿ ಬೇರೆ, ಎನ್‌ಟಿ-ಪ್ರೊಬಿಎನ್‌ಪಿ ಬೇರೆ, ಸಂಖ್ಯೆಗಳನ್ನು ಹೋಲಿಸಬಾರದು. ಬಿಎನ್‌ಪಿ ಬೇಗ ಒಡೆದುಹೋಗುತ್ತದೆ, ಪ್ಲಾಸ್ಟಿಕ್ಕಿನ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದು ಬೇಗ ನೋಡಬೇಕು. ಎನ್‌ಟಿ-ಪ್ರೊ ಗಟ್ಟಿ, ದೂರದ ಲ್ಯಾಬಿಗೆ ಕಳಿಸಲು ಅದೇ ಸರಿ. ಜೀನ್‌ಗೂ ನೇರಳೆ ಟ್ಯೂಬೇ. ಹಸಿರು ಮುಚ್ಚಳದ್ದರಲ್ಲಿರುವ ಹೆಪಾರಿನ್, ಡಿಎನ್‌ಎ ಪ್ರತಿ ಮಾಡುವ ಪಿಸಿಆರ್ ಪರೀಕ್ಷೆಯನ್ನು ಕೆಡಿಸುತ್ತದೆ.

ಚಿಂತಾಮಣಿ ಮೆಡಿಕಲ್ಸ್

ಅಂಗಡಿ ಕಡೆಯಿಂದ ನಾಲ್ಕು ಮಾತು.

ಕೂದಲು ಉದುರುತ್ತೆ ಅಂತ ಬಯೋಟಿನ್ 5, 10 ಮಿ.ಗ್ರಾಂ ಮಾತ್ರೆ ನುಂಗುವವರು ರಕ್ತ ಕೊಡುವ 2–3 ದಿನ ಮುಂಚೆ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಹೆಚ್ಚು ಬಂದು ಥೈರಾಯ್ಡ್ ಅತಿಯಾಗಿದೆ ಅನ್ನಿಸಿಬಿಡುತ್ತೆ. ಹೇಳಬೇಕೆಂದರೆ ಆ ಪ್ಯಾಕೇಜಿನಲ್ಲಿ ಟಿಎಸ್‌ಎಚ್ ಇಲ್ಲದಿರುವುದೇ ದೊಡ್ಡ ಕೊರತೆ. 60 ದಾಟಿದವರಲ್ಲಿ ಟಿಎಸ್‌ಎಚ್ 0.1 ಅಥವಾ ಅದಕ್ಕಿಂತ ಕೆಳಗಿದ್ದರೆ ಹತ್ತು ವರ್ಷದಲ್ಲಿ ಎಎಫ್ ಮೂರು ಪಟ್ಟು ಅಂತ 1994ರಲ್ಲೇ ತೋರಿಸಿದ್ದಾರೆ. ಥೈರಾಕ್ಸಿನ್ ಡೋಸ್ ಹೆಚ್ಚಾದವರಲ್ಲೂ ಹೀಗೇ ಆಗುತ್ತೆ.

ಮಂಡಿನೋವಿಗೆ ಪೊಟ್ಟಣ ಕಟ್ಟಿ ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ಅದು ಸಿಆರ್‌ಪಿಯನ್ನ ಮಲಗಿಸಿಬಿಡುತ್ತೆ, ರಿಪೋರ್ಟು ಚೆನ್ನಾಗಿ ಕಾಣುತ್ತೆ. ಅದೇ ಹೊತ್ತಿಗೆ ಬಿಪಿ ಏರಿಸಿ, ಪೊಟ್ಯಾಸಿಯಂ ಇಳಿಸಿ ಬಡಿತ ಕೆಡಿಸುತ್ತೆ. ಉಬ್ಬಸದ ಡೆರಿಫಿಲಿನ್, ಮೂಗು ಬಿಡಿಸುವ ಶೀತದ ಮಾತ್ರೆ ಎರಡೂ ಡವಡವ ಹೆಚ್ಚಿಸುತ್ತವೆ, ಡಾಕ್ಟರಿಗೆ ಹೇಳಿ.

ತಂದೆಯವರು ರಕ್ತ ತೆಳು ಮಾಡುವ ವಾರ್ಫರಿನ್ ಅಥವಾ ಅಸಿನೊಕುಮರಾಲ್ ಮೇಲಿದ್ದರೆ ಸೊಪ್ಪು ಬಿಡಿಸಬೇಡಿ. ಮಸ್ಸೊಪ್ಪು, ಬಸ್ಸಾರು ವಾರಕ್ಕೆ ಎಷ್ಟು ತಿನ್ನುತ್ತಿದ್ದರೋ ಅಷ್ಟೇ ಇರಲಿ. ಒಂದು ವಾರ ಪೂರ್ತಿ ಬಿಟ್ಟು ಮುಂದಿನ ವಾರ ದಿನಾ ತಿಂದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡವಾಗುತ್ತೆ ಅನ್ನೋ ಅಳತೆ) ಕುಣಿಯುತ್ತೆ, ಬೇಕಾದ್ದು 2ರಿಂದ 3. ಭೇದಿಗೆ ಮೆಟ್ರೊನಿಡಜೋಲ್, ಹುಳುಕಡ್ಡಿಗೆ ಫ್ಲುಕೊನಜೋಲ್ ಕೇಳದೆ ತಗೊಂಡರೆ ರಕ್ತ ಅತಿ ತೆಳುವಾಗುತ್ತೆ. ನೋವಿನ ಮಾತ್ರೆ ಡೈಕ್ಲೊಫೆನಾಕ್ ಅಂತೂ ಬೇಡವೇ ಬೇಡ.

ನಂದಿ ತಪ್ಪಲು

ಚಿಂತಾಮಣಿಯವರು ವಾರ್ಫರಿನ್ ಎತ್ತಿದ್ದರಿಂದ ಒಂದು ಮಾತು. ನಮ್ಮ ಕಡೆ 30–50 ವಯಸ್ಸಿನ ಹೆಂಗಸರಲ್ಲಿ ಎಎಫ್ ಕಂಡರೆ ಜೀನ್ ಅಲ್ಲ, ಮೈಟ್ರಲ್ ಕವಾಟ ನೋಡಬೇಕು. ಚಿಕ್ಕಂದಿನ ರುಮಾಟಿಕ್ ಜ್ವರ ಕವಾಟವನ್ನು ಕಿರಿದು ಮಾಡಿರುತ್ತದೆ. ಎಕೋ (ಹೃದಯದ ಸ್ಕ್ಯಾನ್) ಮಾಡದೆ ರಕ್ತ ತೆಳು ಮಾಡುವ ಮಾತ್ರೆ ಆರಿಸಬಾರದು, ಏಕೆಂದರೆ ಇಂಥವರಿಗೆ ಹೊಸ ಮಾತ್ರೆಗಳಿಗಿಂತ ಹಳೆಯ ವಾರ್ಫರಿನ್ ಗುಂಪೇ ಮೇಲು. 2022ರ ಇನ್‌ವಿಕ್ಟಸ್ ಪ್ರಯೋಗದಲ್ಲಿ ಹೊಸ ಮಾತ್ರೆಯಾದ ರಿವರಾಕ್ಸಬಾನ್ ತೆಗೆದುಕೊಂಡವರಲ್ಲಿ ಸಾವು ಹೆಚ್ಚಿತ್ತು. ಎಎಸ್‌ಒ ಟೈಟರ್ ಅನ್ನೂ ಕೆಲವರು ಹೃದಯದ ಪರೀಕ್ಷೆ ಅಂದುಕೊಂಡಿದ್ದಾರೆ. ಅದು ಹಿಂದೆ ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಬಂದಿತ್ತು ಅಂತ ಹೇಳುತ್ತದೆ, ಅಷ್ಟೇ. ರುಮಾಟಿಕ್ ಅಂತ ಗೊತ್ತಾದವರು 21 ದಿನಕ್ಕೊಮ್ಮೆಯ ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸಬಾರದು.

ಗುಬ್ಬಿಯವರಿಗೆ: ಹಣ ಖರ್ಚು ಮಾಡುವುದಾದರೆ ಇಸಿಜಿ, ಟಿಎಸ್‌ಎಚ್, ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿಗೆ), ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್), ಒಂದು ಎಕೋ. ಬಿಪಿಯನ್ನು ಒಂದು ವಾರ ಬೆಳಿಗ್ಗೆ ಸಂಜೆ ಎರಡೆರಡು ಸಲ ಮನೆಯಲ್ಲಿ ತೆಗೆದು ಬರೆದಿಡಿ, ಮೊದಲ ದಿನದ್ದು ಬಿಟ್ಟು ಸರಾಸರಿ ಮಾಡಿ ಡಾಕ್ಟರಿಗೆ ತೋರಿಸಿ. ಗೊರಕೆ ಜೋರಿದ್ದರೆ ಅದನ್ನೂ ಹೇಳಿ. ತೂಕ ಹೆಚ್ಚಿದ್ದು ಎಎಫ್ ಇದ್ದವರು ಶೇಕಡ 10ರಷ್ಟು ಇಳಿಸಿ ಉಳಿಸಿಕೊಂಡರೆ ಎಎಫ್ ಮರುಕಳಿಸುವುದು ಬಹಳ ಕಡಿಮೆ ಅಂತ ಆಸ್ಟ್ರೇಲಿಯಾದ ಅಡಿಲೇಡ್‌ನವರು 2015ರಲ್ಲಿ ತೋರಿಸಿದರು. ಕುಡಿತ ಬಿಟ್ಟವರಲ್ಲೂ ಹಾಗೇ.

ಗುಬ್ಬಿ ತೆಂಗು

ಬರೆದುಕೊಂಡೆ. ಪೊಟ್ಯಾಸಿಯಂ ಕೊಡುವಾಗ ಏನಾದರೂ ಎಚ್ಚರಿಕೆ ಬೇಕಾ ಟಮಕದವರೇ?

ಟಮಕ ಲ್ಯಾಬ್

ಕೈಗೆ ಪಟ್ಟಿ ಕಟ್ಟಿ ಮುಷ್ಟಿ ಬಿಗಿ ಬಿಡು ಮಾಡಿಸುತ್ತಾರಲ್ಲ, ಅದು ಬೇಡ ಅನ್ನಿ; ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿರಬಾರದು. ಸೀರಂ ಕೆಂಪಗೆ ಬಂದಿದ್ದರೆ ರಕ್ತಕಣ ಒಡೆದಿವೆ ಅಂತ ಅರ್ಥ, ಆ ಸಂಖ್ಯೆ ಬರೆಯದೆ ಮತ್ತೆ ತೆಗೆಯಲು ಹೇಳಿ. ಸಿಆರ್‌ಪಿ ಎರಡನೇ ಸಲ ಅದೇ ಸೂಜಿಯಲ್ಲಿ ಆಗಿಹೋಗಲಿ, ಆದರೆ ಹಲ್ಲಿನ ಜಾಗ ಪೂರ್ತಿ ಮಾಯ್ದು ಎರಡು ವಾರ ಆದ ಮೇಲೆ.